ಎಪ್ಪಿ ಮೇರ್ ಬಿಟ್ಟುಕೊಟ್ಟ ಸರದಿ

ಪೋರ್ಟ್‌ಕ್ರ್ಯಾನಿ ಅನ್ನುವ ಮೀನುಗಾರರ ಊರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಒಂದೋ ಕೌವಿಯ ತಲೆಗೆ ಬೀಳುತ್ತದೆ, ಇಲ್ಲವೇ ಮೇರ್‌ನ ತಲೆಗೆ. ಇಡೀ ಊರಿಗೆ ಇರುವುದು ಎರಡೇ ಮನೆತನದ ಹೆಸರು. ಹಾಗಾಗಿ ಹುಟ್ಟಿದ ಪ್ರತಿಯೊಂದು ಪ್ರಾಣಿಗೂ ಊರು ಒಂದು ಅಡ್ಡಹೆಸರು ಅಂಟಿಸುತ್ತದೆ. ಅದಿಲ್ಲದಿದ್ದರೆ ಅಂಚೆಯವನಿಗೆ ಮನೆ ಸಿಗುವುದಿಲ್ಲ, ಪಾದ್ರಿಗೆ ತಾನು ಹೂಳುತ್ತಿರುವುದು ಯಾರನ್ನು ಎಂದು ತಿಳಿಯುವುದಿಲ್ಲ. ಎಪ್ಪಿ ಮೇರ್‌ಗೆ ಇಟ್ಟ ಹೆಸರು ಗಂಟೆ ಎಪ್ಪಿ. ಗುರುವಾರ ಸಂಜೆ ಬಲೆಯಟ್ಟದಲ್ಲಿ ಹಿತ್ತಾಳೆಯ ಗಂಟೆ ಬಾರಿಸಿ ಊರವರ ಬಾಯಿ ಬಿಡಿಸುತ್ತಿದ್ದವಳು ಅವಳು. ಎಡಿನ್‌ಬರೋದವರು ಅವಳನ್ನು ಕವಿ ಅಂದರು, ಪತ್ರಿಕೆಯವರು ಸಾಹಿತ್ಯ ಸಂಘಟಕಿ ಅಂದರು. ಅನ್ನಲಿ ಬಿಡಿ, ಅವರಿಗೂ ಬರೆಯಲು ಏನಾದರೂ ಬೇಕಲ್ಲ.

ಅವಳ ಕಸುಬು ಮೀನು. ಹದಿನೈದಕ್ಕೆ ಶಾಲೆ ಬಿಟ್ಟು ಹೊಗೆಮನೆಗೆ ಸೇರಿದಳು. ಹ್ಯಾಡಕ್ ಮೀನನ್ನು ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಹೊಗೆಗೆ ತೂಗುಹಾಕುವ ಕೆಲಸ. ಕೆಲವು ವರ್ಷ ಕೆಮ್ಮಿದ ಮೇಲೆ ಒಂದು ಹಳೆಯ ವ್ಯಾನು ಕೊಂಡು ಒಳನಾಡಿನ ಹೊಲಮನೆಗಳಿಗೆ ಮೀನು ಮಾರಲು ಹೊರಟಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ಪಕ್ಕದ ಸೀಟಲ್ಲಿ ಮೀನಿನ ಪೆಟ್ಟಿಗೆ ಇರುತ್ತೆ ಕಣ್ರೀ, ಗಂಡನ್ನ ಎಲ್ಲಿ ಕೂರಿಸ್ಲಿ?" ಅನ್ನುತ್ತಿದ್ದಳು. ಕವಿತೆ ಕಟ್ಟುತ್ತಿದ್ದದ್ದು ವ್ಯಾನು ಓಡಿಸುವಾಗಲೇ, ಗಂಟಲು ಬಿಚ್ಚಿ, ಬಂದರಿನ ಕಟ್ಟೆಯ ಮೇಲೆ ಮೀನು ಹೆಂಗಸರು ಜಗಳವಾಡುವ ಭಾಷೆಯಲ್ಲಿ. ಹೊಲಮನೆಯ ನಾಯಿಗಳಿಗೆ ಎಂಜಿನ್ನಿನ ಸದ್ದಿಗಿಂತ ಮೊದಲು ಅವಳ ದನಿ ಕೇಳುತ್ತಿತ್ತು.

ಆ ಹೊಲಮನೆಗಳ ಬಾಗಿಲಲ್ಲೇ ಅವಳು ಜನರನ್ನು ಗುರುವಾರಕ್ಕೆ ಹಿಡಿಯುತ್ತಿದ್ದಳು.

"ಗುರುವಾರ ಬರ್ತೀಯೇನೋ ವಾಟಿ?" ಅಂತ ತಕ್ಕಡಿ ಎತ್ತಿಕೊಂಡೇ ಆ ಮನೆಯ ರೈತನನ್ನು ಕೇಳುವಳು.

"ನಂಗೆ ಹಾಡೋಕೆ ಎಲ್ಲಿ ಬರುತ್ತೆ ಎಪ್ಪಿ?"

"ಕೊಟ್ಟಿಗೇಲಿ ಹಸು ಮುಂದೆ ಹಾಡ್ತಿದ್ದಿಯಲ್ಲ, ಕೇಳಿಸ್ಕೊಂಡೇ ಬಂದೆ. ಹಸುಗೆ ಸಾಕಾಗಿದೆ ಪಾಪ. ನಮಗೂ ಸ್ವಲ್ಪ ಕೊಡು."

ಬರುತ್ತೇನೆಂದು ಹೇಳಿ ಬಾರದವನಿಗೆ ಮುಂದಿನ ವಾರ ಬಾಲದ ತುಂಡು. ಎರಡು ಸಲ ಬಾರದಿದ್ದರೆ ಬಾಲವೂ ಹಳೆಯದು. ಇದಕ್ಕೇ ಸಾಹಿತ್ಯ ಸಂಘಟನೆ ಅನ್ನುತ್ತಾರೆಂದು ಅವಳಿಗೆ ಬಹಳ ಕಾಲ ಗೊತ್ತೇ ಇರಲಿಲ್ಲ. ಊರವರ ಕವಿತೆಗಳನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ತಾನೇ ಪಿನ್ನು ಹೊಡೆದು ಚಿಕ್ಕ ಪುಸ್ತಕ ಮಾಡಿ, ಅದೇ ವ್ಯಾನಿನಲ್ಲಿ ಹೊರಗೆ ಕಳಿಸುತ್ತಿದ್ದಳು. ಪುಸ್ತಕ ಮೀನು ನಾರುತ್ತದೆ ಅಂತ ಗ್ಲಾಸ್ಗೋದ ಅಂಗಡಿಯವನೊಬ್ಬ ಫೋನು ಮಾಡಿದ. "ಕಡಲಿನ ಕವಿತೆ ಮತ್ತೇನು ಗುಲಾಬಿ ನಾರ್ಬೇಕಿತ್ತೇನಪ್ಪ?" ಅಂತ ಕೇಳಿ ಫೋನಿಟ್ಟಳು.

ಇನ್ನು ಆ ಬಲೆಯಟ್ಟ. ಬಂದರಿನ ದಂಡೆಯಲ್ಲಿರುವ ಕಲ್ಲು ಕಟ್ಟಡದ ಮೇಲಂತಸ್ತು ಅದು. ಹಿಂದೆ ಚಳಿಗಾಲವಿಡೀ ಹೆಂಗಸರು ಅಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು, ಹೆಣೆಯುತ್ತ ಹಾಡುತ್ತಿದ್ದರು. ಒಬ್ಬೊಬ್ಬಳಿಗೂ ಒಂದೊಂದು ಹಾಡು. ಅದು ಅವಳ ಸರದಿ, ಅವಳ ಸೊತ್ತು. ಅವಳು ಬದುಕಿರುವಷ್ಟು ದಿನ ಆ ಅಟ್ಟದಲ್ಲಿ ಬೇರೆ ಯಾರೂ ಅದನ್ನು ಬಾಯಿಗೆ ತರುವಂತಿಲ್ಲ. ತಂದರೆ ಅವಳ ಶವಪೆಟ್ಟಿಗೆಗೆ ಮೊಳೆ ಹೊಡೆದ ಹಾಗೆ. ಸರದಿ ಮುಗಿದಾಗ ಚಪ್ಪಾಳೆ ಇಲ್ಲ. ಹಿರಿಯಳೊಬ್ಬಳು "ನಿನ್ನದೇ" ಅನ್ನಬೇಕು, ಅಲ್ಲಿಗೆ ಮುಗಿಯಿತು. ಯಾರಾದರೂ ತಮ್ಮ ಸರದಿಯನ್ನು ಇನ್ನೊಬ್ಬರಿಗೆ ಕೊಡಬೇಕೆಂದರೂ ಎಲ್ಲರೆದುರು ಅದೇ ಮಾತು ಹೇಳಿ ಕೊಡಬೇಕು. ಕೊಟ್ಟಮೇಲೆ ಅದು ಕೊಟ್ಟವರದಲ್ಲ. ಎಪ್ಪಿ ಗುರುವಾರಗಳನ್ನು ಶುರುಮಾಡಿದಾಗ ಕವಿತೆಗೂ ಕಥೆಗೂ ಇದೇ ಕಟ್ಟಳೆ ನಡೆಯಿತು. ಅವಳು ಸೇರಿಸಿದ್ದು ಒಂದು ಗಂಟೆ, ಒಂದು ಪಾತ್ರೆ ಹ್ಯಾಡಕ್ ಸೂಪು, ಅಷ್ಟೇ. ಗಂಟೆ ಬೇಕಾದದ್ದು ನಗರದ ಕವಿಗಳಿಗಾಗಿ. ಅವರದು ಕವಿತೆ ನಾಲ್ಕು ಸಾಲು, ಪೀಠಿಕೆ ನಲವತ್ತು. ಪೀಠಿಕೆ ಉದ್ದವಾದರೆ ಎಪ್ಪಿಯ ಕೈ ಗಂಟೆಯ ಮೇಲೆ ಹೋಗುತ್ತಿತ್ತು.

ಬಾಯಿ ಬಿಡದವರಿಂದ ಮಾತು ತೆಗೆಸಲು ಅವಳಿಗೊಂದು ದಾರಿ ಗೊತ್ತಿತ್ತು. ಡಾಡ್ ಕೌವಿ ಅಂತ ದೋಣಿಯ ಎಂಜಿನ್ ನೋಡಿಕೊಳ್ಳುವವನೊಬ್ಬನಿದ್ದ. ಮಾತಾಡಿದರೆ ಪಕ್ಕದವನಿಗೂ ಕೇಳದು, ಅದಕ್ಕೇ ಅಡ್ಡಹೆಸರು ಪಿಸು ಡಾಡ್. ಅವನ ದೋಣಿ ಮಂಜಿನಲ್ಲಿ ದಾರಿತಪ್ಪಿ ಮರಳುದಿಬ್ಬಕ್ಕೆ ಹತ್ತಿದ ಕಥೆಯನ್ನು ಅವನ ಬಾಯಿಂದಲೇ ಕೇಳಬೇಕೆಂದು ಊರಿಗೆಲ್ಲ ಆಸೆ. ಎಪ್ಪಿ ಒಮ್ಮೆಯೂ ಅವನನ್ನು ಒತ್ತಾಯಿಸಲಿಲ್ಲ. ಒಂದು ಗುರುವಾರ ಕ್ಷೌರದ ಅಂಗಡಿಯವನನ್ನು ಎಬ್ಬಿಸಿ, "ಡಾಡ್‌ನ ದೋಣಿ ವಿಷಯ ನೀನು ಹೇಳು" ಅಂದಳು. ಆ ಪುಣ್ಯಾತ್ಮ ಜನ್ಮದಲ್ಲಿ ದೋಣಿ ಹತ್ತಿದವನಲ್ಲ. ಉತ್ತರದ ಗಾಳಿಯನ್ನು ದಕ್ಷಿಣಕ್ಕೆ ತಿರುಗಿಸಿದ, ಇಲ್ಲದ ಅಲೆ ಎಬ್ಬಿಸಿದ, ಡಾಡ್ ದೇವರನ್ನು ಕರೆದು ಅತ್ತ ಅಂದ. ಡಾಡ್ ಎದ್ದು ನಿಂತು, "ಮುಚ್ಚೋ ಬಾಯಿ! ಅತ್ತಿದ್ದು ನಾನಲ್ಲ, ಕ್ಯಾಪ್ಟನ್ನು!" ಅಂತ ಗುಡುಗಿದ. ಆಮೇಲೆ ಅವನನ್ನು ಕೂರಿಸಲು ಗಂಟೆ ಬಾರಿಸಬೇಕಾಯಿತು. ತನ್ನದನ್ನು ಇನ್ನೊಬ್ಬ ಕೆಡಿಸುವುದನ್ನು ಯಾವ ಮನುಷ್ಯನೂ ಕೂತು ನೋಡಲಾರ ಅನ್ನುವುದು ಎಪ್ಪಿಯ ನಂಬಿಕೆ.

ಹೀಗೆ ಎಲ್ಲರ ಸರದಿ ಕರೆದವಳಿಗೆ ತನ್ನದೇ ಸರದಿ ಇರಲಿಲ್ಲ. ಅದು ಅರ್ಧಕ್ಕೆ ನಿಂತಿತ್ತು, ಮೂವತ್ತು ವರ್ಷದಿಂದ. ನಿಲ್ಲಿಸಿದವಳು ಒಡಹುಟ್ಟಿದ ತಂಗಿ ನ್ಯಾನ್.

ನ್ಯಾನ್‌ಳದು ಉಣ್ಣೆಯ ಅಂಗಡಿ. ಎಲ್ಲಿ ಅಂತೀರಿ? ಅದೇ ಕಟ್ಟಡದ ಕೆಳಗೆ, ಬಲೆಯಟ್ಟದ ಹಲಗೆಯ ಕೆಳಗೇ. ಮೊದಲನೆಯ ಗುರುವಾರ ಅವಳು ಓಟ್ಸಿನ ರೊಟ್ಟಿ ಸುಟ್ಟುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಎಪ್ಪಿ 'ಉಪ್ಪಿನ ಕೈ' ಅನ್ನುವ ತನ್ನ ಕವಿತೆ ಹೇಳಿದಳು, ಅವ್ವನ ಮೇಲೆ ಬರೆದದ್ದು. ಅವ್ವ ಹೆರಿಂಗ್ ಮೀನು ಬಗೆಯುವ ಹೆಂಗಸು. ಮೀನಿನ ಹಿಂಡು ಹೋದಲ್ಲೆಲ್ಲ ದೋಣಿಗಳು, ದೋಣಿ ಹೋದಲ್ಲೆಲ್ಲ ಈ ಹೆಂಗಸರು, ರೈಲು ಹತ್ತಿ ದಕ್ಷಿಣದ ಯಾರ್ಮತ್‌ವರೆಗೆ. ಚೂರಿ ತಗಲದಿರಲೆಂದು ಬೆರಳಿಗೆಲ್ಲ ಹಿಟ್ಟಿನ ಚೀಲದ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ಆದರೂ ತಗಲುತ್ತಿತ್ತು, ಗಾಯಕ್ಕೆ ಉಪ್ಪು ಇಳಿಯುತ್ತಿತ್ತು. ಕವಿತೆ ಹೀಗಿತ್ತು:

ಬೆರಳಿಗೆ ಬೆರಳಿಗೆ ಬಟ್ಟೆಯ ಚೂರು,
ಚೂರಿನ ಒಳಗೆ ಉಪ್ಪಿನ ಉರಿ,
ಮೀನ ಬಗೆದಳು, ಪೀಪಾಯಿ ತುಂಬಿದಳು,
ಊರೂರು ಅಲೆದಳು ಅವ್ವ.

ಚಳಿಗೆ ಬಂದಳು, ಒಲೆ ಹೊತ್ತಿಸಿದಳು,
ಹರಿದ ಕಾಲುಚೀಲ ಹೊಲಿದಳು,
ಎಲ್ಲವ ಮುಟ್ಟಿದ ಉಪ್ಪಿನ ಕೈ
ನಮ್ಮ ಕೆನ್ನೆಯ ಮುಟ್ಟಲಿಲ್ಲ.

ಹಿರಿಯಳು "ನಿನ್ನದೇ" ಅನ್ನಲು ಬಾಯಿ ತೆರೆಯುವ ಮೊದಲೇ ನ್ಯಾನ್ ಎದ್ದು ನಿಂತಳು. "ಸುಳ್ಳು!" ಅಂದಳು. ರೊಟ್ಟಿಯ ತಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಹಿರಿಯಳು ತೆರೆದ ಬಾಯಿ ಮುಚ್ಚಿದಳು. ಕವಿತೆಗೆ ಆ ಮಾತು ಸಿಗಲೇ ಇಲ್ಲ.

ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆದೆನೆಂದು ತಂಗಿಗೆ ಸಿಟ್ಟು ಬಂದಿದೆ ಅಂದುಕೊಂಡಳು ಎಪ್ಪಿ. ತಾನು ಬರೆದದ್ದು ಕಂಡ ಸತ್ಯ, ಅದಕ್ಕೆ ತಾನು ಕ್ಷಮೆ ಕೇಳುವುದಿಲ್ಲ ಅಂತಲೂ ಅಂದುಕೊಂಡಳು. ಕೆಳಗೆ ನ್ಯಾನ್ ಏನಂದುಕೊಂಡಳೋ, ಯಾರೂ ಕೇಳಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ವಾರಗಳು ವರ್ಷಗಳಾದವು. ಒಂದೇ ಬೀದಿ, ಒಂದೇ ಚರ್ಚು, ಒಂದೇ ರೊಟ್ಟಿಯಂಗಡಿ, ಮಾತಿಲ್ಲ. ಆದರೆ ಗುರುವಾರ ಮಾತ್ರ ನ್ಯಾನ್‌ಳ ಅಂಗಡಿಯ ದೀಪ ತಡವಾಗಿ ಆರುತ್ತಿತ್ತು. ಉಣ್ಣೆ ಉಂಡೆ ಜೋಡಿಸುತ್ತಿದ್ದಳಂತೆ! ಮೇಲಿನ ಪ್ರತಿ ಮಾತೂ ಹಲಗೆಯ ಸಂದಿನಿಂದ ಕೆಳಗೆ ಬೀಳುತ್ತದೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಸಾಲದ್ದಕ್ಕೆ ಊರ ಶಾಲೆಯ ಟೀಚರು 'ಉಪ್ಪಿನ ಕೈ'ಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದಳು. ಅಟ್ಟದ ಕಟ್ಟಳೆ ಶಾಲೆಗಿಲ್ಲವಲ್ಲ. ಅಮ್ಮಂದಿರ ಕೈ ಹಿಡಿದು ಉಣ್ಣೆ ಕೊಳ್ಳಲು ಬಂದ ಮಕ್ಕಳು ನ್ಯಾನ್‌ಳ ಗಲ್ಲೆಯ ಮುಂದೆ ನಿಂತೇ ಅದನ್ನು ಗುನುಗುತ್ತಿದ್ದವು.

ಎಪ್ಪಿಗೆ ಎಪ್ಪತ್ತು ದಾಟಿದ ಮೇಲೆ ಗಂಟಲಲ್ಲಿ ಗಂಟು ಬಂತು. ಅಬರ್ಡೀನಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು, ಜೊತೆಗೆ ದನಿಯೂ ಹೋಯಿತು. ಊರಿಗೆ ಬಂದಾಗ ಕುತ್ತಿಗೆಗೊಂದು ಪಟ್ಟಿ, ಕೈಯಲ್ಲೊಂದು ಸ್ಲೇಟು. ಮಾರನೆಯ ಬೆಳಿಗ್ಗೆ ಬಾಗಿಲ ಹಿಡಿಕೆಗೆ ಒಂದು ಬೂದುಬಣ್ಣದ ಮಫ್ಲರ್ ಕಟ್ಟಿತ್ತು. ಕೂಸಿನ ಮೈಗೆ ಹಾಕುವಂಥ ನುಣುಪು ಉಣ್ಣೆ. ಯಾರು ಹೆಣೆದದ್ದೆಂದು ಕುರುಡನೂ ಹೇಳಿಯಾನು. ಎಪ್ಪಿ ಅದನ್ನು ಸುತ್ತಿಕೊಂಡು ಮೂವತ್ತು ವರ್ಷದಲ್ಲಿ ಮೊದಲ ಬಾರಿ ತಂಗಿಯ ಅಂಗಡಿಗೆ ಹೋದಳು. ಏನು ಬರೆಯಬೇಕೆಂದು ತಿಳಿಯದೆ ಸ್ಲೇಟಿನ ಮೇಲೆ "ಬೂದು ಉಣ್ಣೆ, ಎರಡು ಉಂಡೆ" ಎಂದು ಬರೆದಳು. ನ್ಯಾನ್ ಸ್ಲೇಟು ನೋಡಿದಳು, ಮಫ್ಲರ್ ನೋಡಿದಳು, ಎರಡು ಉಂಡೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಮಾತಾಡಲು ಬಾರದವಳು ಇಬ್ಬರಲ್ಲಿ ಒಬ್ಬಳೇ, ಆದರೆ ಮಾತಾಡದೆ ನಿಂತವರು ಇಬ್ಬರೂ. ಎಪ್ಪಿಗೆ ಹೆಣೆಯಲೂ ಬಾರದು. ಉಂಡೆಗಳು ಕಿಟಕಿಯ ಮೇಲೆ ಹಾಗೇ ಇದ್ದವು.

ಶರತ್ಕಾಲದಲ್ಲಿ ಡಾಕ್ಟರು, ಗಂಟು ಮತ್ತೆ ಬಂದಿದೆ, ಬೇಸಿಗೆಯ ಮಾತು ಕೊಡಲಾರೆ ಅಂದರು. ಸಾಯುವುದಕ್ಕೆ ಎಪ್ಪಿ ಅಷ್ಟೇನೂ ಹೆದರಲಿಲ್ಲ. ಹೆದರಿದ್ದು ಒಂದಕ್ಕೇ: ನ್ಯಾನ್ ಬಾಯಿಂದ ಒಂದು ಮಾತು ಕೇಳದೆ ಹೋಗಿಬಿಟ್ಟರೆ? ಬೈಗುಳವಾದರೂ ಸರಿ. ಇಡೀ ಜಿಲ್ಲೆಯ ಬಾಯಿ ಬಿಡಿಸಿದವಳಿಗೆ ಸ್ವಂತ ತಂಗಿಯ ಬಾಯಿ ಬಿಡಿಸಲಾಗಲಿಲ್ಲ ಅನ್ನುವುದು ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅದನ್ನೇ ತೆಗೆದಳು.

ನವೆಂಬರ್ ಮೊದಲ ವಾರ ಬಲೆಯಟ್ಟದ ಮೆಟ್ಟಿಲ ಬುಡದ ಗೋಡೆಗೆ, ಅಂದರೆ ಉಣ್ಣೆಯಂಗಡಿಯ ಕಿಟಕಿಯ ಪಕ್ಕದಲ್ಲೇ, ದಪ್ಪಕ್ಷರದ ಚೀಟಿ ಅಂಟಿಸಿದಳು: ಈ ಗುರುವಾರ ಎಪ್ಪಿ ಮೇರ್‌ಳ 'ಉಪ್ಪಿನ ಕೈ'ಯನ್ನು ಎಡಿನ್‌ಬರೋದ ಕವಿ ನಿನಿಯನ್ ಕಾರ್ಸ್‌ವೆಲ್ ಹೇಳುತ್ತಾರೆ.

ಊರು ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಪಿಸು ಡಾಡ್, ರೊಟ್ಟಿಯಂಗಡಿಯ ಬನ್ನು ರೂಬಿ ಇಬ್ಬರೂ ಎಪ್ಪಿಯ ಅಡುಗೆಮನೆಗೆ ನುಗ್ಗಿದರು. ಗುರುವಾರಗಳಿಗೆ ಕುರ್ಚಿ ಹಾಕುವುದು, ಸೂಪು ಕುದಿಸುವುದು ಇವರದೇ ಕೆಲಸ.

"ನಿಂಗೇನು ತಲೆಗಿಲೆ ಕೆಟ್ಟಿದೆಯಾ?" ಅಂದಳು ರೂಬಿ. "ಜೀವ ಇರೋವಾಗ್ಲೇ ನಿನ್ನ ಸರದಿ ಇನ್ನೊಬ್ಬನ ಬಾಯಿಗೆ ಹಾಕ್ತೀಯಾ? ನಿನ್ನ ಗುಂಡಿ ನೀನೇ ತೋಡ್ಕೊಂಡಂಗೆ ಕಣೆ!"

ಎಪ್ಪಿ ಸ್ಲೇಟಿನಲ್ಲಿ ಬರೆದಳು: "ಗೊತ್ತು."

"ಕೊಡ್ಲೇಬೇಕು ಅಂದ್ರೆ ಊರಲ್ಲಿ ಯಾರೂ ಇಲ್ವಾ?" ಅಂದ ಡಾಡ್. "ಆ ನಿನಿಯನ್ ಒಳ್ಳೇ ಮನುಷ್ಯನೇ, ಇಲ್ಲ ಅನ್ನಲ್ಲ. ಆದ್ರೆ ಅವ್ನು ಸೂಪಿಗೆ ಉಪ್ಪು ಕೇಳಿದ್ರೂ ಚರ್ಚಲ್ಲಿ ಪ್ರಾರ್ಥನೆ ಮಾಡಿದಂಗಿರುತ್ತೆ. ನಿಮ್ಮವ್ವನ್ನ ಕೆಡಿಸಿಬಿಡ್ತಾನೆ."

ಎಪ್ಪಿ ಸ್ಲೇಟು ಒರೆಸಿ ಮತ್ತೆ ಬರೆದಳು: "ಹೂಂ. ಚೆನ್ನಾಗಿ ಕೆಡಿಸ್ತಾನೆ."

ಡಾಡ್ ಎರಡು ಸಲ ಓದಿದ. ಕ್ಷೌರದವನು, ಮರಳುದಿಬ್ಬ, ಗಾಳಿ, ಎಲ್ಲವೂ ನೆನಪಾಗಿರಬೇಕು. "ಅಯ್ಯೋ ನಿನ್ನ! ಅವತ್ತು ನನಗೂ ನೀನು ಹಿಂಗೇ ಮಾಡಿದ್ದಾ?" ಅಂದ. ಎಪ್ಪಿ ಕೆಟಲ್ ಒಲೆಗಿಡಲು ಎದ್ದಳು.

ಗುರುವಾರ ಅಟ್ಟ ತುಂಬಿತ್ತು. ಒಳನಾಡಿನ ಹೊಲಮನೆಗಳಿಂದಲೂ ಜನ ಬಂದಿದ್ದರು. ಬಾಗಿಲ ಬಳಿ ಎಪ್ಪಿ ತಾನೇ ಒಂದು ಖಾಲಿ ಕುರ್ಚಿ ಇಟ್ಟಿದ್ದಳು, ಅದರಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಸೂಪಾಯಿತು, ವಾಟಿ ಹಸುವಿನ ಮುಂದೆ ಹಾಡುವ ಹಾಡಾಯಿತು. ಕೆಳಗೆ ಉಣ್ಣೆಯಂಗಡಿಯ ದೀಪ ಉರಿಯುತ್ತಲೇ ಇತ್ತು. ಎಪ್ಪಿ ಖಾಲಿ ಕುರ್ಚಿಯ ಕಡೆ ನೋಡಿದಳು. ಬಾರದಿದ್ದರೆ? ಬಾರದಿದ್ದರೆ ಕವಿತೆಯೂ ಹೋಯಿತು, ತಂಗಿಯೂ ಹೋದಳು. ಗಂಟೆ ಬಾರಿಸಿಯೇಬಿಟ್ಟಳು.

ನಿನಿಯನ್ ಎದ್ದ. ಉದ್ದ ಮನುಷ್ಯ, ಒಳ್ಳೆಯ ಕೋಟು, ಇನ್ನೂ ಒಳ್ಳೆಯ ದನಿ. ಪೀಠಿಕೆ ಹಾಕದೆ ಎಪ್ಪಿಯ ಕಡೆ ತಲೆಬಾಗಿ ಶುರುಮಾಡಿದ. ಪಾಪ, ಅವನ ತಪ್ಪೇನಿಲ್ಲ. ಒಂದೊಂದು ಮಾತನ್ನೂ ಗಾಜಿನ ಸಾಮಾನು ಇಳಿಸುವ ಹಾಗೆ ಇಳಿಸಿದ. "ಪೀಪಾಯಿ" ಅನ್ನುವಾಗ ಕೈ ಎತ್ತಿದ, "ಅವ್ವ" ಅನ್ನುವಾಗ ಕಣ್ಣು ಮುಚ್ಚಿದ. ನಮ್ಮವರು ನೆಲ ನೋಡುತ್ತ ಕೂತರು. ಮೀನು ಬಗೆದವಳೊಬ್ಬಳನ್ನು ಯಾರೋ ರೇಷ್ಮೆ ಉಡಿಸಿ ಮೆರವಣಿಗೆ ಮಾಡಿದಂತಿತ್ತು.

ಅಷ್ಟರಲ್ಲಿ ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಿಧಾನದ, ಭಾರದ ಹೆಜ್ಜೆ. ಬಾಗಿಲು ತೆರೆಯಿತು. ನ್ಯಾನ್. ಅಂಗಡಿಯ ಏಪ್ರನ್ ಬಿಚ್ಚಿರಲಿಲ್ಲ, ಬೀಗದ ಕೈ ಮುಷ್ಟಿಯಲ್ಲೇ ಇತ್ತು. ಖಾಲಿ ಕುರ್ಚಿಯ ಕಡೆ ನೋಡಿದಳು, ಕೂರಲಿಲ್ಲ. ನಿನಿಯನ್ ಕೊನೆಯ ಸಾಲಿಗೆ ಬಂದಿದ್ದ. ದನಿ ತಗ್ಗಿಸಿ, ಬಹಳ ದುಃಖದಿಂದ, "ನಮ್ಮ ಕೆನ್ನೆಯ ಮುಟ್ಟಲಿಲ್ಲ" ಅಂದ.

"ಮುಟ್ಟಿದಳು!" ಅಂತ ನ್ಯಾನ್ ಕೂಗಿದಳು. "ನಿನಗೇನಯ್ಯಾ ಗೊತ್ತು? ಯಾರು ನೀನು, ನಮ್ಮವ್ವನ ಬಗ್ಗೆ ಕಣ್ಣು ಮುಚ್ಕೊಂಡು ಹೇಳೋಕೆ? ಕೂತ್ಕೋ!"

ನಿನಿಯನ್ ಕೂತ. ಇದ್ದ ಕಡೆಯೇ, ಸೂಪಿನ ಮೇಜಿನ ತುದಿಯ ಮೇಲೆ.

ನ್ಯಾನ್ ಅಕ್ಕನ ಕಡೆ ತಿರುಗಿದಳು. ಮುಖ ಕೆಂಪಗಾಗಿತ್ತು. "ಮೂವತ್ತು ವರ್ಷ ಆಯ್ತು ಎಪ್ಪಿ. ಈ ಊರಲ್ಲಿ ಹುಟ್ಟಿದ ಪ್ರತಿ ಕೂಸೂ ನನ್ನ ಅಂಗಡೀಗೆ ಬಂದು, ನನ್ನ ಮುಂದೆ ನಿಂತು, ನಿಮ್ಮವ್ವ ನಿನ್ನ ಮುಟ್ಲಿಲ್ಲ ಅಂತ ಹಾಡಿ ಹೋಗಿದೆ. ಸುಳ್ಳು ಅಂತ ಅವತ್ತೇ ಹೇಳ್ದೆ. ಏನು ಸುಳ್ಳು ಅಂತ ಬಂದು ಕೇಳ್ತೀಯ ಅಂತ ಕಾದೆ. ಒಂದು ದಿನ ಬಂದ್ಯಾ? ಬಂದಿದ್ದು ದನಿ ಹೋದ ಮೇಲೆ, ಎರಡು ಉಂಡೆ ಉಣ್ಣೆಗೆ! ಹೆಣಿಯೋಕೆ ಬರುತ್ತಾ ನಿಂಗೆ?"

ಯಾರೋ ಒಬ್ಬರು ನಕ್ಕರು, ತಕ್ಷಣ ಬಾಯಿ ಮುಚ್ಚಿಕೊಂಡರು. ತಂಗಿಯ ಬಾಯಿ ಬಿಡಿಸಬೇಕೆಂದು ಗಾಳ ಹಾಕಿದವಳು ಎಪ್ಪಿಯೇ. ಆದರೆ ಗಾಳಕ್ಕೆ ಬಿದ್ದದ್ದು ಏನೆಂದು ಅವಳಿಗಿನ್ನೂ ಅರ್ಥವಾಗಿರಲಿಲ್ಲ.

"ಅವಳ ಅಂಗೈ ಹೆಂಗಿತ್ತು ನೆನಪಿದೆಯಾ?" ನ್ಯಾನ್‌ಳ ದನಿ ಇಳಿಯಿತು. "ಉಪ್ಪು ತಿಂದು ತಿಂದು ಒಣಗಿದ ಮೀನಿನ ಚರ್ಮದಂಗೆ. ಮುಟ್ಟಿದ್ರೆ ಗೀರತ್ತೆ, ಕೂಸಿಗೆ ನೋಯತ್ತೆ ಅಂತ ಹಗಲು ಮುಟ್ತಿರ್ಲಿಲ್ಲ. ನಾವು ಮಲಗಿದ ಮೇಲೆ ಬರ್ತಿದ್ಲು. ಕೈ ಮಗುಚಿ, ಹಿಂಬದಿಯಿಂದ, ಹಿಂಗೆ." ಬೀಗದ ಕೈ ಹಿಡಿದಿದ್ದ ಮುಷ್ಟಿಯ ಹಿಂಬದಿಯಿಂದ ತನ್ನ ಕೆನ್ನೆ ಸವರಿ ತೋರಿಸಿದಳು. "ಯಾರ್ಮತ್‌ನಿಂದ ಬಂದ ಚಳಿಗಾಲ ಪೂರ್ತಿ. ನಾನು ನಿದ್ದೆ ಬಂದಂಗೆ ಕಣ್ಣು ಮುಚ್ಕೊಂಡು ಕಾಯ್ತಾ ಇರ್ತಿದ್ದೆ."

ಎಪ್ಪಿ ಸ್ಲೇಟು ಎತ್ತಿಕೊಂಡಳು. ಬರೆದು, ಸ್ಲೇಟು ತಿರುಗಿಸಿ, ತಂಗಿಯ ಕಡೆ ಹಿಡಿದಳು. ಒಂದೇ ಮಾತು: "ನಂಗೂ?"

ನ್ಯಾನ್ ಓದಿದಳು. ಸಿಟ್ಟೆಲ್ಲ ಮುಖದಿಂದ ಇಳಿದುಹೋಯಿತು.

"ನಿಂಗೇ ಮೊದಲು ಕಣೆ," ಅಂದಳು. "ಹಾಸಿಗೆಯ ಈಚೆ ಕಡೆ ಮಲಗ್ತಿದ್ದೋಳು ನೀನಲ್ವಾ? ನಿನ್ನ ದಾಟಿಯೇ ನನ್ನ ಹತ್ರ ಬರ್ಬೇಕಿತ್ತು ಅವಳು. ನೀನು ಗೊರಕೆ ಹೊಡ್ಕೊಂಡು ಬಿದ್ದಿರ್ತಿದ್ದೆ, ನಿಂಗೇನು ಗೊತ್ತಾಗ್ಬೇಕು!"

ಎಪ್ಪಿ ಸ್ಲೇಟನ್ನು ಮಡಿಲಲ್ಲಿ ಮಗುಚಿಟ್ಟಳು. ಎಪ್ಪತ್ತು ದಾಟಿದ ಹೆಂಗಸು, ಅವ್ವ ತನ್ನನ್ನು ಮುಟ್ಟಲಿಲ್ಲ ಅನ್ನುವುದನ್ನೇ ಎದೆಯಲ್ಲಿಟ್ಟುಕೊಂಡು, ಅದನ್ನೇ ಕವಿತೆ ಮಾಡಿ, ಅದರಿಂದಲೇ ಹೆಸರು ಪಡೆದವಳು. ಎಲ್ಲರೆದುರು ಅತ್ತಳು. ದನಿಯಿಲ್ಲದ ಅಳು, ಭುಜ ಮಾತ್ರ ಅಲುಗುತ್ತಿತ್ತು. ರೂಬಿ ಏಪ್ರನ್ನಿಗೆ ಮೂಗು ಒರೆಸಿಕೊಂಡಳು.

ಕೊನೆಗೆ ಮಾತಾಡಿದವನು ಪಿಸು ಡಾಡ್. "ಸರದಿ ಅರ್ಧಕ್ಕೆ ನಿಂತಿದೆ ನ್ಯಾನ್. ನಿಲ್ಲಿಸಿದೋಳು ನೀನೇ, ಮುಗಿಸೋಳೂ ನೀನೇ. ಪೂರ್ತಿ ಹೇಳು."

"ನಂಗೆ ಕವಿತೆ ಗಿವಿತೆ ಬರಲ್ಲ," ಅಂದಳು ನ್ಯಾನ್. ಬರುವುದಿಲ್ಲವಂತೆ! ಮೊದಲ ಸಾಲಿನಿಂದ ಹಿಡಿದು ಒಂದಕ್ಷರ ಬಿಡದೆ ಹೇಳಿದಳು, ಗಿರಾಕಿಗೆ ಉಣ್ಣೆಯ ತೂಕ ಹೇಳುವ ದನಿಯಲ್ಲಿ, ನೇರವಾಗಿ. ಕೊನೆಯ ಸಾಲನ್ನು ಮಾತ್ರ ತಿದ್ದಿದಳು.

ಎಲ್ಲವ ಮುಟ್ಟಿದ ಉಪ್ಪಿನ ಕೈ
ಮಗುಚಿ, ಮಲಗಿದ ಮೇಲೆ, ನಮ್ಮ ಕೆನ್ನೆಯ ಸವರಿತು.

ಸಾಲು ಉದ್ದವಾಯಿತು, ಲಯ ಕುಂಟಿತು. ಎಪ್ಪಿಯ ಮುಂದೆ ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಸೂಪು ಬಡಿಸುವಾಗ ಕಿವಿ ಹಿಂಡುತ್ತಿದ್ದಳು. ಈಗ ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. ಅಟ್ಟದಲ್ಲಿ ಅವಳೇ ಹಿರಿಯಳು, ಆ ಮಾತು ಅವಳೇ ಹೇಳಬೇಕು. ಎಪ್ಪಿ ಎದ್ದಳು. ಸ್ಲೇಟು ಮುಟ್ಟಲಿಲ್ಲ. ತಂಗಿಯ ಮುಖ ನೋಡುತ್ತ ಬರಿಯ ತುಟಿ ಅಲುಗಿಸಿದಳು. ಕೊನೆಯ ಸಾಲಿನಲ್ಲಿದ್ದವರಿಗೂ ಅದು ತಿಳಿಯಿತು. ನಿನ್ನದೇ.

ಆ ಚಳಿಗಾಲ ನ್ಯಾನ್ ದಿನವೂ ಅಂಗಡಿಗೆ ಬೀಗ ಹಾಕಿ ಅಕ್ಕನ ಮನೆಗೆ ಹೋಗುತ್ತಿದ್ದಳು. ಹೋಗಿ ಏನು ಮಾಡುತ್ತಿದ್ದಳು ಅಂತೀರಿ? ಜಗಳ. ಮೂವತ್ತು ವರ್ಷದ ಬಾಕಿ ಜಗಳ. ಅವ್ವನ ಟ್ರಂಕು ಯಾವ ಬಣ್ಣದ್ದು, ಅಜ್ಜಿಗೆ ಯಾರು ಇಷ್ಟ, ಒಡೆದ ನೀಲಿ ಹೂಜಿ ಯಾರ ತಪ್ಪು. ಗೋಡೆಯಾಚೆಯವರಿಗೆ ನ್ಯಾನ್‌ಳ ದನಿ ಕೇಳುತ್ತಿತ್ತು, ಆಮೇಲೆ ಬಳಪದ ಕಿರ್ ಕಿರ್, ಆಮೇಲೆ ನ್ಯಾನ್, "ಸುಳ್ಳು! ಒರೆಸು ಅದನ್ನ!" ಕಿಟಕಿಯ ಮೇಲಿದ್ದ ಎರಡು ಉಂಡೆಗಳನ್ನು ನ್ಯಾನ್ ಕಾಲುಚೀಲ ಮಾಡಿದಳು. ಎಪ್ಪಿ ಅವನ್ನು ಹಾಕಿಕೊಂಡೇ ಏಪ್ರಿಲಿನಲ್ಲಿ ತೀರಿಕೊಂಡಳು. ಹಿಂದಿನ ದಿನ ಸ್ಲೇಟಿನ ಮೇಲೆ ಬರೆದಿದ್ದದ್ದು, "ಹೂಜಿ ಒಡೆದದ್ದು ನ್ಯಾನ್."

ಹೂಳಿ ಬಂದ ಮೇಲೆ ಎಲ್ಲರೂ ಚಹಾಕ್ಕೆ ಬಲೆಯಟ್ಟಕ್ಕೆ ಬಂದರು. ಗಂಟೆ ಮೇಜಿನ ಮೇಲಿತ್ತು. ನಿನಿಯನ್ ಎಡಿನ್‌ಬರೋದಿಂದ ಬಂದಿದ್ದ, ಒಳ್ಳೆಯ ಮನಸ್ಸಿನಿಂದಲೇ ಎದ್ದು ನಿಂತು, ಎಪ್ಪಿಯ ಗೌರವಕ್ಕೆ ಆ ಕವಿತೆ ಹೇಳಲೇ ಅಂದ. ರೂಬಿ ಅವನ ಕೋಟಿನ ಚುಂಗು ಹಿಡಿದೆಳೆದಳು. "ಕೂತ್ಕೋಪ್ಪಾ, ಬನ್ನು ತಿನ್ನು. ಅದು ನ್ಯಾನ್‌ದು."

ನ್ಯಾನ್ ಎದ್ದು ಗಂಟೆ ಬಾರಿಸಿ ಕವಿತೆ ಹೇಳಿದಳು, ಕುಂಟುವ ಆ ಕೊನೆಯ ಸಾಲಿನ ಸಮೇತ. ಈಗ ಅಟ್ಟಕ್ಕೆ ಹಿರಿಯ ಡಾಡ್. ಅವನು ಗಂಟಲು ಸರಿಮಾಡಿಕೊಂಡು "ನಿನ್ನ" ಅನ್ನುವಷ್ಟರಲ್ಲಿ ನ್ಯಾನ್ ಕೈ ಅಡ್ಡ ಹಿಡಿದಳು.

"ನಿಮ್ಮಿಬ್ಬರದು ಅನ್ನು," ಅಂದಳು.

ಒಂದು ಸರದಿಗೆ ಇಬ್ಬರು ಒಡತಿಯರು ಅನ್ನುವುದನ್ನು ಆ ಅಟ್ಟದಲ್ಲಿ ಯಾರೂ ಕೇಳಿರಲಿಲ್ಲ. ಡಾಡ್ ಟೊಪ್ಪಿ ತೆಗೆದು ಹಾಗೇ ಹೇಳಿದ.